ನಮ್ಮೂರ ರಾಣಿ ಮತ್ತು ಅತ್ತೆಯ ಉಡಿಕೆ

ರಾಜರಾಣಿಯರ ಕಾದಂಬರಿ ಬರೆಯುವವರು ಇತಿಹಾಸ ಬಿಟ್ಟು ಅಲುಗಾಡಬಾರದು ಎಂದು ಯಾರಾದರೂ ವಾದಿಸಿದರೆ ನನಗೆ ಅಪ್ಪ ನೆನಪಾಗುತ್ತಾರೆ. ಮೊದಲು ಸಿಟ್ಟು ಬರುತ್ತದೆ, ಆಮೇಲೆ ಕಣ್ಣು ತುಂಬುತ್ತದೆ.

ನಮ್ಮೂರು ಚನ್ನಗಿರಿಗೆ ಆ ಹೆಸರು ಬಂದದ್ದು ಒಬ್ಬ ರಾಣಿಯಿಂದ. ಅವಳ ಕೋಟೆ ಗುಡ್ಡದ ಮೇಲಿತ್ತು, ಅವಳ ಮಾತು ನಮ್ಮ ಮನೆಯಲ್ಲಿ ದಿನವೂ ಇತ್ತು. ಎರಡನೇ ಮಹಾಯುದ್ಧದ ಕಾಲ. ಸೀಮೆಎಣ್ಣೆಗೆ ಬರವಿದ್ದುದರಿಂದ ಓದುವುದೆಲ್ಲ ಹಗಲಲ್ಲೇ. ಮಧ್ಯಾಹ್ನ ಹೆಂಗಸರು ಪಡಸಾಲೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತರೆ, ನಾಲ್ಕಕ್ಷರ ಕಲಿತ ನಾನು ಗಟ್ಟಿಯಾಗಿ ಓದಬೇಕಿತ್ತು. ಆ ಹುಳಿ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಆ ಬೇಸಿಗೆ ಪಕ್ಕದ ಮನೆಯ ಸೊಸೆ ತವರಿನಿಂದ ನಮ್ಮ ರಾಣಿಯದೇ ಒಂದು ಕಾದಂಬರಿ ತಂದಿದ್ದಳು. ಅದರಲ್ಲಿ ಗಂಡ ಸತ್ತ ರಾಣಿ ತನ್ನ ದಂಡನಾಯಕನನ್ನು ಪ್ರೀತಿಸುತ್ತಾಳೆ. ಬೆಳದಿಂಗಳು, ಮಲ್ಲಿಗೆ, ನಿಟ್ಟುಸಿರು ಯಾವುದಕ್ಕೂ ಕೊರತೆಯಿರಲಿಲ್ಲ. ನನಗಂತೂ ಹಾಲು ಕುಡಿದಷ್ಟು ಸಂತೋಷ. ಅತ್ತೆ ಕೈಯಲ್ಲಿದ್ದ ಹುಣಸೆಹಣ್ಣನ್ನು ಮರೆತು ಕೇಳುತ್ತಿದ್ದಳು.

ಅತ್ತೆ ಎಂದರೆ ಅಪ್ಪನ ತಂಗಿ. ಜಗಳೂರಿಗೆ ಕೊಟ್ಟಿದ್ದರು. ಗಂಡ ಪ್ಲೇಗಿಗೆ ಬಲಿಯಾದ ಮೇಲೆ ತವರಿಗೆ ಬಂದಿದ್ದಳು, ಮಕ್ಕಳಿರಲಿಲ್ಲ. ವಿಧವೆಗೆ ಮತ್ತೆ ಮದುವೆ ಮಾಡುವುದು ನಮ್ಮ ಜನರಲ್ಲಿ ಹೊಸದೇನಲ್ಲ. ಅದಕ್ಕೆ ಉಡಿಕೆ ಎನ್ನುತ್ತಾರೆ. ಹೊನ್ನಾಳಿಯ ಒಬ್ಬ ರೈತ, ಹೆಂಡತಿ ಸತ್ತವನು, ಅತ್ತೆಯನ್ನು ಕೇಳಿ ಕಳಿಸಿದ್ದ. ಅವಳಿಗೂ ಮನಸ್ಸಿತ್ತು. ಅಜ್ಜ ಮಾತ್ರ, 'ನಮ್ಮೂರ ರಾಣಿ ಗಂಡ ಸತ್ತ ಮ್ಯಾಲೆ ಇನ್ನೊಬ್ಬನ್ನ ಕಟ್ಕೊಂಡ್ಲೇನು? ಆಕೆ ಊರಾಗೆ ಹುಟ್ಟಿ ಉಡಿಕೆ ಅಂತೀರಲ್ಲ' ಎಂದು ಎಲ್ಲರ ಬಾಯಿ ಮುಚ್ಚಿಸುತ್ತಿದ್ದರು.

ಅದೇ ಅಜ್ಜ ಜಗಲಿಯ ಮೇಲೆ ನಿದ್ದೆ ಬಂದವರಂತೆ ಮಲಗಿ ಕಾದಂಬರಿ ಕೇಳುತ್ತಿದ್ದರು. ಅಚ್ಚಾದದ್ದೆಲ್ಲ ಅವರಿಗೆ ಪುರಾಣವಿದ್ದಂತೆ, ಅದರಲ್ಲಿ ಸುಳ್ಳಿರುವುದುಂಟೇ? ಕೆಲವು ದಿನ ಊಟವನ್ನೂ ಸರಿಯಾಗಿ ಮಾಡಲಿಲ್ಲ. ಕೊನೆಗೊಂದು ಸಂಜೆ, ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದ ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ಕೇಳಿದರು:

'ರಾಣಿ ಆ ದಂಡನಾಯಕನ ಮ್ಯಾಲೆ ಮನಸ್ಸಿಟ್ಟಿದ್ದು ನಿಜ ಏನಪ್ಪಾ? ನಿಜ ಆಗಿದ್ರೆ ಇವಳನ್ನ ತಡೆಯಾಕೆ ನಾನ್ಯಾರು?'

ಅತ್ತೆ ಬಾಗಿಲ ಬಳಿ ನಿಂತಿದ್ದಳು. ಅಪ್ಪ ಹೂಂ ಎಂದಿದ್ದರೆ ಸಾಕಿತ್ತು.

'ಇಲ್ಲ ಅಪ್ಪಯ್ಯ, ಅದು ಕಟ್ಟಿದ ಕತೆ' ಎಂದರು ಅಪ್ಪ. 'ಗಂಡ ಹೋದ ಮ್ಯಾಲೆ ಆಕೆ ಪಟ್ಟಕ್ಕೆ ಕೂತ್ಲು, ಮಗನ್ನ ದತ್ತು ತಗೊಂಡ್ಲು, ಬಾದಶಹನ ದಂಡನ್ನ ಎದುರಿಸಿದ್ಲು. ಅಷ್ಟೇ ಇರೋದು.'

ಒಂದು ಸುಳ್ಳು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತೋ! ಬೆನ್ನಿಗೆ ಬಿದ್ದ ತಂಗಿಗಿಂತ ಎಂದೋ ಸತ್ತ ರಾಣಿ ಹೆಚ್ಚಾದಳೇ ಎಂದು ನನಗೆ ಅಳುವೇ ಬಂತು. ಅಜ್ಜ ನಿರಾಳವಾಗಿ, 'ನಾ ಹೇಳ್ಲಿಲ್ವಾ' ಎಂದರು.

ಆಗ ಅತ್ತೆ ಒಳಗೆ ಬಂದಳು. ಅಜ್ಜನ ಎದುರು ಅವಳು ದನಿ ಎತ್ತಿದವಳಲ್ಲ, ಅವತ್ತೂ ಎತ್ತಲಿಲ್ಲ.

'ಅಣ್ಣ ಹೇಳಿದ್ದು ದಿಟ ಅಪ್ಪಯ್ಯ. ಆಕೆಗೆ ಆಳಾಕೆ ರಾಜ್ಯ ಇತ್ತು, ಅವ್ವಾ ಅನ್ನಾಕೆ ಮಗ ಇದ್ದ. ನಂಗೂ ಅಷ್ಟು ಕೊಡ್ರಿ. ನಾನೂ ಆಕೆ ಹಂಗೇ ಇರ್ತೀನಿ.'

ಅಜ್ಜ ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡರು. ಅಪ್ಪ ತಲೆ ತಗ್ಗಿಸಿದ್ದರು. ಆಮೇಲೆ ಅಜ್ಜ ಅವರ ಕಡೆ ತಿರುಗಿ, 'ಹೊನ್ನಾಳಿಯೋರಿಗೆ ಬರಾಕೆ ಹೇಳು' ಎಂದರು.

ಉಡಿಕೆಗೆ ಓಲಗವಿಲ್ಲ, ಚಪ್ಪರವಿಲ್ಲ. ಮುತ್ತೈದೆಯರು ಎದುರಿಗೆ ಬರಬಾರದೆಂದು ಅಮ್ಮ ಅಡುಗೆಮನೆ ಸೇರಿದಳು, ಅಕ್ಕಪಕ್ಕದವರು ಬಾಗಿಲು ಹಾಕಿಕೊಂಡರು. ಗಾಡಿಯವರೆಗೆ ಅತ್ತೆಯ ಕೈಹಿಡಿದು ಹೋದವಳು ನಾನೊಬ್ಬಳೇ. ಹೊಸ ಸೀರೆಯಲ್ಲಿ ಅವಳು ಅಷ್ಟು ಚೆಂದ ಕಾಣುತ್ತಿದ್ದಳು, ಇಡೀ ಬೀದಿಯಲ್ಲಿ ನೋಡುವವರು ಯಾರೂ ಇರಲಿಲ್ಲ.