ದೊಡ್ಡವ್ವನ ಸಾಬೂದಾಣಿ ಸಂಡಿಗೆ

ಕಳೆದ ಸೋಮವಾರ ಅಂಗಡಿಯಿಂದ ತಂದ ಸಾಬೂದಾಣಿ ಪೊಟ್ಟಣ ಕತ್ತರಿಸಿದಾಗ ಒಣ ಹಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಮೇಲೆ ಸಣ್ಣಕ್ಷರದಲ್ಲಿ ಟ್ಯಾಪಿಯೋಕಾ ಎಂದಿತ್ತು. ಕೊಪ್ಪಳದ ಈ ಬಾಡಿಗೆ ಕೋಣೆಯಲ್ಲಿ ಉಪವಾಸದ ಖಿಚಡಿಗೆಂದು ಅದನ್ನು ನೆನೆಹಾಕುವಾಗ, ಗಿಣಿಗೇರಾದ ನಮ್ಮ ಪಕ್ಕದ ಮನೆಯ ದೊಡ್ಡವ್ವ ನೆನಪಾದರು.

ಬೇಸಿಗೆಯಲ್ಲಿ ದೊಡ್ಡವ್ವ ಸಾಬೂದಾಣಿ ಸಂಡಿಗೆ ಹಾಕಿ ಮದುವೆ ಮನೆಗಳಿಗೆ ಕೊಡುತ್ತಿದ್ದರು. ರಾತ್ರಿ ನೆನೆಸಿಟ್ಟದ್ದನ್ನು ಬೆಳಿಗ್ಗೆ ಕುದಿಯುವ ನೀರಿಗೆ ಸುರಿದು, ಬಿಳಿ ಕಾಳು ಗಾಜಿನಂತಾಗುವವರೆಗೆ ತಿರುವುತ್ತಿದ್ದರು. ಆಮೇಲೆ ಜೀರಿಗೆ, ಹಸಿಮೆಣಸಿನಕಾಯಿ, ಉಪ್ಪು. ಮಾಳಿಗೆಯ ಬಿಸಿಲಿನಲ್ಲಿ ಚಮಚೆಯಿಂದ ಒಂದೊಂದೇ ಬಿಡುತ್ತಿದ್ದರು. ಯಾವತ್ತು ಹಾಕಿದ್ದು, ಯಾವತ್ತು ಒಣಗಿದ್ದು ಎಂದು ನಾನು ದಿನಚರಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಆಗಲೇ ನನಗೆ ಆ ಚಟ.

"ಇಷ್ಟೆಲ್ಲಾ ಬರಿತೀ, ಇದು ಯಾವ ಗಿಡದ ಕಾಳು ಅಂತ ಬರದೀ ಏನು?" ಎಂದು ಒಮ್ಮೆ ಕೇಳಿದರು.

ಹುಡುಕಿ ಹೇಳಿದೆ. ಇದು ಕಾಳೇ ಅಲ್ಲ, ಮರಗೆಣಸಿನ ಹಿಟ್ಟು. ಬ್ರೆಜಿಲಿನ ಮೂಲನಿವಾಸಿಗಳು ಆ ಗೆಡ್ಡೆ ತುರಿದು ವಿಷದ ರಸ ಹಿಂಡಿ ತೆಗೆಯುತ್ತಿದ್ದರು. ಟ್ಯಾಪಿಯೋಕಾ ಅವರ ಮಾತು, ಹಿಂಡಿದ ಮೇಲೆ ಉಳಿದದ್ದು ಎಂದು ಅರ್ಥ. ನಾವನ್ನುವ ಸಾಬೂದಾಣಿ ಮಾತ್ರ ಸಾಗೋ ಎಂಬ ಬೇರೆಯೇ ಮರದ ಹೆಸರಿನಿಂದ ಬಂದದ್ದು.

"ಅಂದ್ರ ಇನ್ನೊಬ್ಬರ ಹೆಸರಿನ ಮ್ಯಾಲ ಬಾಳೇವು ಮಾಡಾಕ ಹತ್ತೈತಿ ಅನ್ನು. ನಮ್ಮ ಓಣ್ಯಾಗೂ ಅಂಥವ್ರು ಭಾಳ ಮಂದಿ ಅದಾರ," ಎಂದು ನಕ್ಕರು.

ಒಂದು ಬೇಸಿಗೆ ನಮ್ಮ ಓಣಿಯ ಮದುವೆಯಲ್ಲಿ, ಕರಿದ ಸಂಡಿಗೆಯ ಮೇಲೆಲ್ಲ ಕಪ್ಪು ಚುಕ್ಕೆಗಳು ಕಂಡವು. ವರನ ತಾಯಿ ದೊಡ್ಡವ್ವನನ್ನು ಚಪ್ಪರಕ್ಕೇ ಕರೆಸಿದರು.

"ಕೈ ತೊಳಕೊಂಡ ಹಾಕೀಯೋ, ಒಲಿ ಬೂದಿ ಕಲಸಿ ಹಾಕೀಯೋ? ಬೀಗರ ಮುಂದ ಮಾರಿ ತೋರಸದಂಗ ಮಾಡಿದಿ."

ಅದು ಊರ ಪಕ್ಕದ ಕಬ್ಬಿಣದ ಕಾರ್ಖಾನೆಯ ಹೊಗೆಯಿಂದ ಉದುರುವ ಮಸಿ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ದಿನಾ ಬೆಳಿಗ್ಗೆ ಅಂಗಳ ಗುಡಿಸಿದರೆ ಬರುವುದು ಅದೇ. ಆದರೆ ಮನೆಗೊಬ್ಬರಂತೆ ಆ ಕಾರ್ಖಾನೆಗೇ ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೋಗುವವರು. ಮಸಿಯ ಮಾತೆತ್ತಿದವನೊಬ್ಬನ ಕೆಲಸ ಹೋದದ್ದನ್ನೂ ಎಲ್ಲರೂ ನೋಡಿದ್ದರು. ದೊಡ್ಡವ್ವನ ಒಬ್ಬನೇ ಮಗ ಅಲ್ಲಿ ಗುತ್ತಿಗೆ ಆಳು. ಕಾಯಂ ಮಾಡುತ್ತೇವೆಂದು ಆ ವರ್ಷವೇ ಹೇಳಿದ್ದರು.

ದೊಡ್ಡವ್ವ ಸೆರಗು ಸರಿಮಾಡಿಕೊಂಡರು. "ತಪ್ಪಾತ್ರಿ. ಕಣ್ಣು ಮಂಜಾಗ್ಯಾವ, ಕಸ ಕಾಣಸಲಿಲ್ಲ."

ನೀನಾದರೂ ಹೇಳಬಾರದಿತ್ತೇ ಎಂದು ಮನೆಗೆ ಬಂದು ಅವ್ವನನ್ನು ಕೇಳಿದೆ. "ನಿಮ್ಮಪ್ಪನ ಪಗಾರ ಎಲ್ಲಿಂದ ಬರತೈತಿ? ಸುಮ್ನ ಉಣ್ಣು," ಎಂದಳು.

ಮರುವರ್ಷ ದೊಡ್ಡವ್ವ ಮಸಿ ಬೀಳದಂತೆ ಸಂಡಿಗೆಯ ಮೇಲೆ ಹಳೇ ಧೋತರ ಹೊದಿಸಿ ನೋಡಿದರು. ಬಿಸಿಲು ತಾಗದೆ ಎಲ್ಲ ಹುಳಿಯಾಗಿ ಎಮ್ಮೆಯ ಪಾಲಾಯಿತು. ಆಮೇಲೆ ಯಾರೂ ಸಂಡಿಗೆಗೆಂದು ಅವರಿಗೆ ಹೇಳಿ ಕಳಿಸಲಿಲ್ಲ... ಮಗನೂ ಕಾಯಂ ಆಗಲಿಲ್ಲ. ಹೊಸ ಗುತ್ತಿಗೆದಾರ ಬಂದವನೇ ಅವನನ್ನು ಕೆಲಸದಿಂದ ಬಿಡಿಸಿದ.

"ಇನ್ನರ ಖರೇ ಹೇಳು ದೊಡ್ಡವ್ವಾ," ಎಂದೆ.

"ಈಗ ಹೇಳಿದ್ರ, ಮಗನ ಕೆಲಸ ಹೋದ ಸಿಟ್ಟಿಗೆ ಹೇಳ್ತಾಳ ಅಂತಾರ. ಬಿಡವ್ವ."

ಹೋದ ವರ್ಷ ದೊಡ್ಡವ್ವ ತೀರಿಕೊಂಡರು. ಅವರ ಮಾಳಿಗೆ ಈಗ ಖಾಲಿ. ಊರಿಗೆ ಹೋದಾಗ ಓಣಿಯ ಹೆಂಗಸರು ಈಗಲೂ ನೆನೆಯುತ್ತಾರೆ: "ಪಾಪ, ಛಲೋ ಹೆಣಮಗಳು. ಕಡೀಕ ಕಣ್ಣ ಕಾಣಸ್ತಿದ್ದಿಲ್ಲ." ನಾನು ಎದುರಾಡುವುದಿಲ್ಲ, ಅಪ್ಪ ಇನ್ನೂ ಆ ಕಾರ್ಖಾನೆಗೇ ಕೆಲಸಕ್ಕೆ ಹೋಗುತ್ತಾರೆ. ಸಾಯುವ ವಾರದವರೆಗೂ, ಕನ್ನಡಕವಿಲ್ಲದೆ, ನಮ್ಮ ಅಜ್ಜಿಯ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದವರು ದೊಡ್ಡವ್ವ.