ಚಿಕ್ಕಮ್ಮ ಕೆಲಸಕ್ಕೆ ಹೋಗುತ್ತಿದ್ದ ಗಾಡಿ

ನಮ್ಮ ಚಿಕ್ಕಮ್ಮ ಪರದೆ ಹೊಲಿಯುವವಳು. ಅವಳ ಕೈಯ ಕೆಲಸದ ಬಗ್ಗೆ ಯಾರೋ ದೊಡ್ಡವರ ಕಿವಿಗೆ ಹಾಕಿದ್ದರಿಂದ, ಮಹಾನಗರದಲ್ಲಿ ಕಟ್ಟುತ್ತಿದ್ದ ಹೊಸ ಹೋಟೆಲಿನವರು ಅವಳನ್ನು ಕರೆಸಿಕೊಂಡರು. ಕಿಟಕಿಗಳಿಗೆಲ್ಲ ಪರದೆ ಬೀಳುವವರೆಗೆ ಕೆಲಸ, ಆಮೇಲೆ ವಾಪಸ್ಸು. ಹೋಟೆಲಿನ ಆಸುಪಾಸಿನಲ್ಲಿ ಬಾಡಿಗೆ ಕೇಳಿದರೆ ತಲೆ ತಿರುಗುತ್ತಿತ್ತು. ಹೀಗಾಗಿ ನಗರದ ಇನ್ನೊಂದು ತುದಿಯಲ್ಲಿ ಅವಳಿಗೊಂದು ಕೋಣೆ ಸಿಕ್ಕಿತು. "ಓಡಾಟದ ಚಿಂತೆ ಬೇಡಮ್ಮ, ಈ ಊರಲ್ಲಿ ಏನು ಬೇಕಾದ್ರೂ ಸಿಗುತ್ತೆ," ಎಂದರು ಹೋಟೆಲಿನ ಮ್ಯಾನೇಜರು. ಅವರಿಗೆ ಕಾರಿತ್ತು, ಕಾರಿಗೊಬ್ಬ ಡ್ರೈವರಿದ್ದ. ಅನುಭವದ ಮಾತು ಎಂದೇ ಚಿಕ್ಕಮ್ಮ ನಂಬಿದಳು.

ಹೋಟೆಲಿನದೇ ಒಂದು ವ್ಯಾನು ಅವಳ ಬೀದಿಯ ಮೂಲೆಯಲ್ಲಿ ನಿಲ್ಲುತ್ತಿತ್ತು. ಅದು ಖಾಯಂ ನೌಕರರಿಗೆ. ಚಿಕ್ಕಮ್ಮ ಟೆಂಪರರಿ.

"ಸೀಟು ಖಾಲಿ ಇದೆಯಲ್ಲಪ್ಪ?" ಎಂದು ಕೇಳಿದಳು.

"ಖಾಲಿ ಇದೆ. ಆದ್ರೆ ಅದು ಖಾಯಂನವರ ಖಾಲಿ," ಎಂದು ವ್ಯಾನಿನವನು ಬಾಗಿಲೆಳೆದುಕೊಂಡ. ಆಡಳಿತದ ಮರ್ಮವನ್ನು ಇಷ್ಟು ಚುಟುಕಾಗಿ ಹೇಳಬಲ್ಲವನು ಇನ್ನೂ ವ್ಯಾನು ಓಡಿಸಿಕೊಂಡೇ ಇದ್ದದ್ದು ಹೋಟೆಲಿಗಾದ ನಷ್ಟ.

ಇನ್ನು ಮೆಟ್ರೋ ಇತ್ತು. ಊರಿನ ಹೆಮ್ಮೆ. ಅದನ್ನು ಹಿಡಿಯಲು ಒಂದು ಬಸ್ಸು, ಇಳಿದ ಮೇಲೆ ಮತ್ತೊಂದು ಬಸ್ಸು. ಅಷ್ಟಕ್ಕೂ ಸಿದ್ಧಳಾಗಿ ಹೋದರೆ, ಬಾಗಿಲಲ್ಲಿದ್ದ ಕಾವಲಿನವನು ಅವಳ ಚೀಲದಿಂದ ದೊಡ್ಡ ಕತ್ತರಿ ಎತ್ತಿ ಹಿಡಿದ.

"ಇದನ್ನ ಒಳಗೆ ಬಿಡಲ್ಲ."

"ಮತ್ತೆ ಬಟ್ಟೆ ಹೇಗಪ್ಪ ಕತ್ತರಿಸ್ಲಿ, ಹಲ್ಲಲ್ಲಾ?"

"ಹಲ್ಲಿಗೆ ಅಡ್ಡಿಯಿಲ್ಲ," ಎಂದ ಅವನು, ತುಂಬಾ ಯೋಚಿಸಿ.

ಕತ್ತರಿಯನ್ನು ಹೋಟೆಲಿನಲ್ಲೇ ಬಿಟ್ಟು ಬರಬಹುದಿತ್ತು. ಆದರೆ ಒಮ್ಮೆ ಬಿಟ್ಟಾಗ ಯಾರೋ ಅದರಲ್ಲಿ ತಂತಿ ಕತ್ತರಿಸಿ ಬಾಯಿ ಮುರಿದಿದ್ದರು. ಟ್ಯಾಕ್ಸಿಯಲ್ಲಿ ಹೋದರೆ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ನೇರ ಬಸ್ಸು ಒಂದಿತ್ತು ನಿಜ. ಅದು ಬಾರದಿದ್ದರೆ ಇಲ್ಲವೇ ಇಲ್ಲ, ಬಂದರೆ ಬೆನ್ನಿಗೆ ಬೆನ್ನು ಹಚ್ಚಿಕೊಂಡು ಮೂರು, ಮೂರೂ ತುಂಬಿಕೊಂಡು.

ಅವಳ ಕೋಣೆಯ ಕೆಳಗೆ ಶವವಾಹನದ ಡ್ರೈವರೊಬ್ಬನಿದ್ದ. ನಗುಮುಖದ, ದಪ್ಪ ಮನುಷ್ಯ. ಕಟ್ಟಡದವರು ಅವನನ್ನು ಕಂಡರೆ ಮೆಟ್ಟಿಲಿನಲ್ಲಿ ಗೋಡೆಗೆ ಅಂಟಿಕೊಳ್ಳುತ್ತಿದ್ದರು. ಚಿಕ್ಕಮ್ಮ ಬಸ್ಸಿಗೆ ಕಾದು ಕಾದು ಬೈದುಕೊಳ್ಳುತ್ತಿದ್ದದ್ದು ಒಂದು ಬೆಳಿಗ್ಗೆ ಅವನ ಕಿವಿಗೆ ಬಿತ್ತು.

"ಅಕ್ಕ, ನನ್ನ ಗಾಡಿ ನಿಲ್ಲೋದು ನಿಮ್ಮ ಹೋಟೆಲ್ ಎದುರಿನ ಆಸ್ಪತ್ರೇಲಿ. ಬೆಳಿಗ್ಗೆ ಖಾಲಿ ಹೋಗ್ತೀನಿ. ಬನ್ನಿ."

"ಖಾಲಿ ಅಂದ್ರೆ?"

"ಪೂರ್ತಿ ಖಾಲಿ. ಹಿಂದ್ಗಡೇನೂ ಖಾಲಿ."

ಅವಳು ಹತ್ತಿದಳು. ಮಹಾನಗರ ತನ್ನ ಸಭ್ಯತೆಯನ್ನೆಲ್ಲ ಯಾರಿಗಾಗಿ ಕೂಡಿಟ್ಟುಕೊಂಡಿದೆ ಎಂಬುದು ಆಗ ತಿಳಿಯಿತು. ಆಂಬುಲೆನ್ಸಿಗೂ ಜಾಗ ಕೊಡದ ಕಾರುಗಳು ಪಕ್ಕಕ್ಕೆ ಸರಿದವು. ಪೊಲೀಸಿನವನು ಎದುರಿನ ಸಾಲನ್ನು ತಡೆದು ಕೈ ಬೀಸಿದ. ಗಾಡಿ ಧಾವಿಸುತ್ತಿರಲಿಲ್ಲ, ಗಕ್ಕನೆ ನಿಲ್ಲುತ್ತಲೂ ಇರಲಿಲ್ಲ. ಅವಳ ಹೊಟ್ಟೆ ಸುಮ್ಮನಿತ್ತು. ದಾರಿಹೋಕರು ತಲೆ ಬಾಗಿಸಿದಾಗ ಮೊದಮೊದಲು ಸಂಕೋಚವಾಯಿತು. ಆಮೇಲೆ ಅವಳೂ ಗಂಭೀರವಾಗಿ ತಲೆಯಾಡಿಸಿ ಸಂತಾಪ ಸ್ವೀಕರಿಸತೊಡಗಿದಳು.

ಒಂದು ದಿನ ದಾರಿಯಲ್ಲೇ ಡ್ರೈವರಿಗೆ ಫೋನು ಬಂತು. ಹತ್ತಿರದ ಓಣಿಯಲ್ಲಿ ಒಂದು ಸಾವು.

"ಅಕ್ಕ, ನೀವು ಇಲ್ಲೇ ಇಳಿದು ಬಸ್ ಹಿಡೀರಿ."

ಅವಳು ಇಳಿದಳು. ಆದರೆ ಬಸ್ ಸ್ಟಾಪಿನ ಕಡೆ ಹೋಗಲಿಲ್ಲ, ಅವನ ಹಿಂದೆಯೇ ಹೋದಳು. ಸತ್ತವನು ಕಟ್ಟಡಗಳಿಗೆ ಬಣ್ಣ ಬಳಿಯಲು ಬೇರೆ ಊರಿನಿಂದ ಬಂದವನು. ಕೋಣೆಯಲ್ಲಿ ಅವನ ಜೊತೆಗಾರನೊಬ್ಬನೇ ನಿಂತಿದ್ದ, ಎಡದ ಚಪ್ಪಲಿಯನ್ನು ಬಲಗಾಲಿಗೆ ಹಾಕಿಕೊಂಡು.

"ಇವರ ಕಡೆಯವರು ಯಾರಿದ್ದಾರೆ?" ಎಂದು ಚಿಕ್ಕಮ್ಮ ಕೇಳಿದಳು.

"ಇಲ್ಲಿ ನಾವಿಬ್ರೇ ಇದ್ದಿದ್ದು. ಈಗ..." ಎಂದವನು ಒಂದು ಬೆರಳು ಮಡಚಿದ.

ಹೊದಿಸಿದ್ದ ಹಾಸಿನ ಮೇಲೆಲ್ಲ ಬಣ್ಣದ ಕಲೆಗಳಿದ್ದವು. ಚಿಕ್ಕಮ್ಮನ ಚೀಲದಲ್ಲಿ ಹೋಟೆಲಿನ ಅತಿ ದುಬಾರಿ ಕೋಣೆಗೆಂದು ತರಿಸಿದ ಬೂದು ಬಣ್ಣದ ಬಟ್ಟೆಯ ಒಂದು ದೊಡ್ಡ ತುಂಡಿತ್ತು. ಅತಿಥಿಗಳ ನಿದ್ದೆಗೆ ಬೆಳಕು ತಾಗಬಾರದೆಂದು ವಿಶೇಷವಾಗಿ ನೇಯಿಸಿದ್ದು. ಅವಳು ಅದನ್ನು ಬಿಡಿಸಿ ಹೊದಿಸಿದಳು, ಅಂಚು ಸರಿಮಾಡಿದಳು, ಗಾಡಿಯ ಹಿಂಭಾಗದಲ್ಲಿ ಆ ಜೊತೆಗಾರನ ಪಕ್ಕ ಕೂತಳು. ಸ್ಮಶಾನದವರೆಗೂ ಅವನು ಅವಳ ಸೆರಗಿನ ತುದಿಯನ್ನು ಹಿಡಿದುಕೊಂಡಿದ್ದ. ಅವನಿಗೆ ಅದು ಗೊತ್ತಿರಲಿಲ್ಲ. ಅವಳು ಬಿಡಿಸಿಕೊಳ್ಳಲೂ ಇಲ್ಲ.

ಎಲ್ಲ ಮುಗಿಸಿ ಮಧ್ಯಾಹ್ನ ಹೋಟೆಲಿಗೆ ಬಂದಾಗ, ತಡವಾಯಿತೆಂದು ಡ್ರೈವರು ಗಾಡಿಯನ್ನು ನೇರ ದೊಡ್ಡ ಬಾಗಿಲಿಗೇ ತಂದು ನಿಲ್ಲಿಸಿದ. ಹೋಟೆಲಿನ ಮಾಲೀಕರು ಅಂದೇ ಪರಿಶೀಲನೆಗೆ ಬಂದಿದ್ದರು. ಹೂಕುಂಡಗಳ ನಡುವೆ ಗಾಡಿ ಬಹಳ ಘನವಾಗಿ ಕಾಣುತ್ತಿತ್ತು.

ಮ್ಯಾನೇಜರು ಓಡಿಬಂದರು. "ಏನಮ್ಮ ಇದು! ಹೋಟೆಲ್ ಇನ್ನೂ ಶುರುವಾಗಿಲ್ಲ, ಬಾಗಿಲಿಗೆ ಹೆಣದ ಗಾಡಿ!"

"ಸಾರ್, ಖಾಯಂನವರಾ ಟೆಂಪರರಿನಾ ಅಂತ ಕೇಳದೆ ಹತ್ತಿಸಿಕೊಳ್ಳೋ ಗಾಡಿ ಈ ಊರಲ್ಲಿ ಇದೊಂದೇ," ಎಂದಳು ಚಿಕ್ಕಮ್ಮ. ಯಾರೂ ಕೇಳದಿದ್ದರೂ ಬಟ್ಟೆಯ ವಿಷಯವನ್ನೂ ಹೇಳಿದಳು. ಮ್ಯಾನೇಜರ ಮುಖ ಆ ಬಟ್ಟೆಯ ಬಣ್ಣಕ್ಕೇ ತಿರುಗಿತು. ಮಾಲೀಕರು ಒಂದು ಹೆಜ್ಜೆ ಹಿಂದಕ್ಕೆ ಸರಿದು, ಗಾಡಿಗೆ ದಾರಿ ಬಿಟ್ಟರು.

ಮರುದಿನದಿಂದ ವ್ಯಾನಿನಲ್ಲಿ ಚಿಕ್ಕಮ್ಮನಿಗೆ ಸೀಟು ಮಂಜೂರಾಯಿತು. ಕಿಟಕಿ ತೆರೆಯದ ವ್ಯಾನು, ಒಳಗೆ ಯಾರೋ ತೂಗುಹಾಕಿದ್ದ ಸುಗಂಧದ ಡಬ್ಬಿ. ಅರ್ಧದಾರಿಯಲ್ಲಿ ಅವಳು ಖಾಯಂ ನೌಕರರೊಬ್ಬರ ಬೂಟಿನ ಮೇಲೆ ವಾಂತಿ ಮಾಡಿಕೊಂಡಳು. ಸೀಟು ಮತ್ತೆ ಖಾಯಂನವರ ಖಾಲಿಯಾಯಿತು. ಆಮೇಲಿನ ದಿನಗಳಲ್ಲಿ ಅವಳು ಮತ್ತೆ ಶವವಾಹನವನ್ನೇ ಹತ್ತಿ, ಆಸ್ಪತ್ರೆಯ ಗೇಟಿನಲ್ಲೇ ಇಳಿದು ರಸ್ತೆ ದಾಟುತ್ತಿದ್ದಳು. ಮ್ಯಾನೇಜರು ಆ ಹೊತ್ತಿಗೆ ಸರಿಯಾಗಿ ಬೇರೆ ಕಡೆ ನೋಡುವುದನ್ನು ರೂಢಿಸಿಕೊಂಡರು.

ಪರದೆಗಳೆಲ್ಲ ಮುಗಿದವು. ಊರಿಗೆ ಹೊರಟ ದಿನ ಡ್ರೈವರು ಅವಳನ್ನೂ ಟ್ರಂಕನ್ನೂ ರೈಲ್ವೆ ಸ್ಟೇಷನ್ನಿಗೆ ತಂದ. ಕೂಲಿಯವರು ಯಾರೂ ಟ್ರಂಕು ಮುಟ್ಟಲಿಲ್ಲ. ಅವನೇ ಹೊತ್ತು ತಂದು ಇಳಿಸಿ, ಬೆವರು ಒರೆಸಿಕೊಂಡ.

"ಅಕ್ಕ, ಇಷ್ಟು ವರ್ಷದಲ್ಲಿ ನಾನು ಇಳಿಸಿದ ಮೇಲೆ ನಡಕೊಂಡು ಹೋದ ಪ್ಯಾಸೆಂಜರ್ ನೀವೊಬ್ರೇ."

ಚಿಕ್ಕಮ್ಮ ಚೀಲದ ಹಿಡಿ ತಿರುಚುತ್ತಾ ನಿಂತಳು. ಅಷ್ಟರಲ್ಲಿ ಹಿಂದಿನಿಂದ ಟ್ಯಾಕ್ಸಿಯೊಂದು ಗಾಡಿ ತೆಗೆಯುವಂತೆ ಜೋರಾಗಿ ಹಾರ್ನ್ ಹೊಡೆಯಿತು. ಗಾಡಿಯ ಮೇಲಿನ 'ಶವವಾಹನ' ಎಂಬ ಬೋರ್ಡು ಕಂಡದ್ದೇ ತಡ, ತಾನೇ ಹಿಂದಕ್ಕೆ ಸರಿದು ದೀಪ ಆರಿಸಿ ನಿಂತಿತು.