ಅಳಿಯನ ಕಾರಿನಲ್ಲಿ ಡಿ ಡ್ರೈವ್

ಪಂಚಮಿ ಮುಗಿದ ವಾರದ ಶನಿವಾರ ಬ್ಯಾಡಗಿಯಿಂದ ಕಾಕಾನ ಫೋನು ಬಂತು. ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಅವರ ಲ್ಯಾಪ್‌ಟಾಪ್ ಕೈಕೊಟ್ಟಾಗಲೆಲ್ಲ ಹಾವೇರಿಯಲ್ಲಿರುವ ನನಗೆ ಕರೆ ಬರುತ್ತದೆ. ಬಂದ ಕರೆಯನ್ನು ನಾನು ಡೈರಿಯಲ್ಲಿ ಬರೆದಿಡುತ್ತೇನೆ. ಇದು ಆ ವರ್ಷದ ಒಂಬತ್ತನೆಯದು. ಮೊದಲಿನ ಎಂಟರಲ್ಲಿ ಐದು ಸಲ ಚಾರ್ಜರಿನ ಸ್ವಿಚ್ ಹಾಕಿರಲಿಲ್ಲ.

"ಯವ್ವಾ, ಎಲ್ಲಾ ಹೋಗೇತಿ," ಎಂದರು.

"ಏನ್ ಹೋಗೇತ್ರಿ ಕಾಕಾ?"

"ಹುಡುಗರು, ಹುಡುಗ್ಯಾರು, ಎಲ್ಲಾರೂ."

ಇದರಲ್ಲಿ ಪೊಲೀಸರಿಗೆ ತಿಳಿಸುವಂಥದ್ದೇನೂ ಇರಲಿಲ್ಲ. ಮೆಣಸಿನಕಾಯಿ ದಲಾಲಿ ಅಂಗಡಿಯ ಗುಮಾಸ್ತಿಕೆ ಬಿಟ್ಟ ಮೇಲೆ ಕಾಕಾ ಸಂಬಂಧ ಕೂಡಿಸುವ ಕೆಲಸ ಹಿಡಿದಿದ್ದಾರೆ. ಮೂರು ತಾಲೂಕಿನ ಮದುವೆಯಾಗದವರ ಫೋಟೋ, ಓದು, ಮನೆತನದ ವಿವರ ಅವರ ಹತ್ತಿರ ಇರುತ್ತದೆ. ದುಡ್ಡು ತೆಗೆದುಕೊಳ್ಳುವುದಿಲ್ಲ, ಮದುವೆ ಮನೆಯಲ್ಲಿ ಮೊದಲ ಪಂಕ್ತಿಯಲ್ಲಿ ಕೂರಿಸಿದರೆ ಸಾಕು.

ಬಸ್ಸು ಹತ್ತಿ ಬ್ಯಾಡಗಿಗೆ ಹೋದೆ. ಕಾಕಾ ಅಲಮಾರಿಯ ಕೀಲಿ ತೆಗೆದು ಲ್ಯಾಪ್‌ಟಾಪ್ ಹೊರಗಿಟ್ಟರು. ಆ ಕೀಲಿಕೈ ಅವರ ಉಡದಾರದಲ್ಲೇ ಇರುತ್ತದೆ. ಅದರ ಮೇಲೆ ಪಾಸ್‌ವರ್ಡು ಬೇರೆ. ಅದನ್ನು ಒತ್ತುವಾಗ ನನಗೂ ಗೋಡೆಯ ಕಡೆ ಮುಖ ಮಾಡಿ ನಿಲ್ಲಲು ಹೇಳಿದರು. ಪರರ ಹೆಣ್ಣುಮಕ್ಕಳ ಫೋಟೋ, ಹುಡುಗಾಟವಲ್ಲ ಎಂಬುದು ಅವರ ಮಾತು.

ಪರದೆ ಖಾಲಿಯಾಗಿತ್ತು. ಡಾಕ್ಯುಮೆಂಟ್ಸ್ ಒತ್ತಿದರೆ ಡಿ ಡ್ರೈವ್ ಸಿಗುತ್ತಿಲ್ಲ ಎಂದು ಬಂತು. ಪಿಕ್ಚರ್ಸ್, ಮ್ಯೂಸಿಕ್, ವಿಡಿಯೋಸ್, ಡೌನ್‌ಲೋಡ್ಸ್, ಕೊನೆಗೆ ಡೆಸ್ಕ್‌ಟಾಪ್ ಕೂಡ ಅದೇ ಉತ್ತರ ಕೊಟ್ಟವು. ಆರು ಫೋಲ್ಡರಿಗೂ ಒಂದೇ ವಿಳಾಸ. ಆ ವಿಳಾಸದಲ್ಲಿ ಮನೆಯೇ ಇಲ್ಲ. ಈ ಲ್ಯಾಪ್‌ಟಾಪಿನಲ್ಲಿ ಇರುವುದು ಸಿ ಡ್ರೈವ್ ಒಂದೇ.

"ಕಾಕಾ, ಇದ್ರಾಗ ಡಿ ಎಲ್ಲಿಂದ ಬಂತ್ರಿ?"

"ನಾನ ಮಾಡೀನಿ," ಎಂದರು, ಮನೆ ಕಟ್ಟಿಸಿದವರ ಗತ್ತಿನಲ್ಲಿ.

ಅದಕ್ಕೆ ಹಿನ್ನೆಲೆಯಿದೆ. ನಮ್ಮ ಕಡೆ ಕಂಪ್ಯೂಟರ್ ರಿಪೇರಿಗೆ ಕೊಟ್ಟರೆ, ಕೀಲಿಮಣೆಯಲ್ಲಿ ಖಾರದ ಪುಡಿ ಸಿಕ್ಕಿದ್ದರೂ, ಮೊದಲು ಸಿ ಡ್ರೈವನ್ನು ಒರೆಸಿ ಹೊಸ ವಿಂಡೋಸ್ ಹಾಕಿಕೊಡುತ್ತಾರೆ. ಕಾಕಾನ ಹಳೆಯ ಕಂಪ್ಯೂಟರಿನಲ್ಲಿ ಹೀಗೆಯೇ ಒಂದು ವರ್ಷದ ವಧುವರರು ಅಳಿಸಿಹೋಗಿದ್ದರು. ಅಂದಿನಿಂದ ಸಿ ಎಂದರೆ ಬಾಡಿಗೆ ಮನೆ, ಡಿ ಎಂದರೆ ಸ್ವಂತ ಮನೆ ಎಂದು ಅವರು ತೀರ್ಮಾನಿಸಿದ್ದರು. ಹೊಸ ಲ್ಯಾಪ್‌ಟಾಪಿನಲ್ಲಿ ಡಿ ಇಲ್ಲದ್ದು ನೋಡಿ ಅವರಿಗೆ ನಿದ್ದೆ ಬಂದಿರಲಿಲ್ಲ. ಒಂದು ದಿನ ಪೆನ್‌ಡ್ರೈವ್ ಚುಚ್ಚಿದಾಗ ಅದು ತಾನೇ ಡಿ ಎಂದು ಕಾಣಿಸಿಕೊಂಡಿತು. ಕಾಕಾ ಯಾವುದೋ ವಿಡಿಯೋ ನೋಡಿ, ಪ್ರತಿ ಫೋಲ್ಡರಿನ ಪ್ರಾಪರ್ಟೀಸಿಗೆ ಹೋಗಿ, ಲೊಕೇಶನ್ ಎಂಬಲ್ಲಿ ಡಿ ಎಂದು ಬರೆದರು. ಇದ್ದದ್ದನ್ನೆಲ್ಲ ಅಲ್ಲಿಗೇ ಸಾಗಿಸಲೇ ಎಂದು ವಿಂಡೋಸ್ ಕೇಳಿದಾಗ ಹೌದು ಎಂದರು. ಆರು ಸಲ ಕೇಳಿತಂತೆ, ಆರು ಸಲವೂ ಹೌದು ಎಂದರಂತೆ.

"ಹಂಗಾರ ಆ ಪೆನ್‌ಡ್ರೈವ್ ಎಲ್ಲೈತ್ರಿ?"

ಕಾಕಾ ಯಂತ್ರದ ಬದಿಯಲ್ಲಿ ಬೆರಳಾಡಿಸಿದರು. ಬರೀ ತೂತು ಸಿಕ್ಕಿತು. ಒಳಗಿನಿಂದ ಕಾಕಾನ ಹೆಂಡತಿ ಚಿಗವ್ವ ಕೇಳಿದಳು: "ಹಾಡಿಂದಾ? ಅದನ್ನ ಅಳಿಯಾರು ಒಯ್ದಾರಲ್ರಿ. ಪಂಚಮಿಗೆ ಬಂದವ್ರು ಹೊಂಟಾಗ, ಕಾರಿನ್ಯಾಗ ಹಚ್ಚಾಕ ಏನರ ಹಾಡು ಅದಾವೇನ್ರಿ ಅಂದ್ರು. ನಾನ ಕಿತ್ತು ಕೊಟ್ಟೆ."

"ಅಲಮಾರ್ಯಾಗಿಂದನ್ನ ಕಿತ್ತು ಕೊಟ್ಟಿ?"

"ಅವತ್ತು ಮ್ಯಾಜಿನ ಮ್ಯಾಲ ಇತ್ರಿ. ನೀವು ಹೊಸರಿತ್ತಿಯವ್ರಿಗೆ ತೋರಿಸಿ ಹಂಗ ಬಿಟ್ಟು ಎದ್ದಿದ್ರಿ. ಅಳಿಯಾರು ಬಾಯಿ ಬಿಟ್ಟು ಕೇಳಿದ್ರ ಇಲ್ಲ ಅನ್ಲೇನು?"

ಕೀಲಿ, ಪಾಸ್‌ವರ್ಡು, ಗೋಡೆಯ ಕಡೆಗಿನ ಮುಖ, ಎಲ್ಲವೂ ಒಂದು ಖಾಲಿ ಯಂತ್ರವನ್ನು ಕಾಯುತ್ತಿದ್ದವು. ಕಾಯಬೇಕಾದದ್ದು ಅಳಿಯನ ಊರಾದ ರಾಣೆಬೆನ್ನೂರಿನ ರಸ್ತೆಯಲ್ಲಿ ಹಾಡು ಹೇಳುತ್ತ ಓಡಾಡುತ್ತಿತ್ತು.

"ಅಗಡಿ ಹುಡುಗಿ ಫೋಟೋ ಅದ್ರಾಗೈತಿ," ಎಂದರು ಮೆಲ್ಲಗೆ.

ಹಾವೇರಿ ಬಳಿಯ ಅಗಡಿಯ ಆ ಹುಡುಗಿಗೆ ಹಿಂದೊಮ್ಮೆ ಸಂಬಂಧ ಕೂಡಿಬಂದು ಮುರಿದಿತ್ತು. ಆಗ ಫೋಟೋ ಹತ್ತು ಜನರ ಫೋನಿನಲ್ಲಿ ತಿರುಗಿ ಊರೆಲ್ಲ ಮಾತಾಗಿತ್ತು. ಈ ಸಲ ಅವಳ ತಾಯಿ ಫೋಟೋ ಕೊಡುವಾಗ ಕಾಕಾನಿಂದ ಮಾತು ತೆಗೆದುಕೊಂಡಿದ್ದರು: ತಮ್ಮನ್ನು ಕೇಳದೆ ಯಾರಿಗೂ ತೋರಿಸಕೂಡದು. ಕಾಕಾನ ಕೆಲಸ ನಡೆಯುವುದು ಇಂಥ ಮಾತಿನ ಮೇಲೆಯೇ. ಅದು ಹೋದರೆ ಅವರನ್ನು ಯಾವ ಮನೆಯವರೂ ಒಳಗೆ ಕರೆಯುವುದಿಲ್ಲ.

"ಫೋನ್ ಹಚ್ಚಿ ತರಿಸ್ಕೋರಿ," ಎಂದೆ.

"ಅಳಿಯ ಒಯ್ದದ್ದನ್ನ ಹೊಳ್ಳಿ ಕೊಡ್ರಿ ಅಂತ ಮಾವ ಕೇಳ್ತಾನೇನು? ಚಲೋ ಹೇಳಿದಿ."

ನಾನು ಮೊದಲು ಲ್ಯಾಪ್‌ಟಾಪಿನ ಕೆಲಸಕ್ಕೆ ಕುಳಿತೆ. ಫೋಲ್ಡರುಗಳನ್ನು ಮೂಲದ ಜಾಗಕ್ಕೆ ತರಲು ರಿಸ್ಟೋರ್ ಡಿಫಾಲ್ಟ್ ಎಂಬ ಗುಂಡಿಯಿದೆ. ಅದು ಒಪ್ಪಲಿಲ್ಲ. ಈ ಜಾಗದಲ್ಲಿ ಬೇರೆ ಫೋಲ್ಡರೂ ಇದೆ, ಬಿಡಿಸಲಾಗದು ಎಂದಿತು. ಆರು ಜನ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದರೆ ಯಾರನ್ನು ಮೊದಲು ಎಬ್ಬಿಸುವುದು? ರಿಜಿಸ್ಟ್ರಿಗೆ ಹೋದೆ. ಯಾವ ಫೋಲ್ಡರು ಎಲ್ಲಿದೆ ಎಂದು ವಿಂಡೋಸ್ ಗುರುತಿಟ್ಟುಕೊಳ್ಳುವ ಜಾಗ ಅದು. ಮೊದಲು ಅದರದೊಂದು ನಕಲು ತೆಗೆದಿಟ್ಟೆ. ಆಮೇಲೆ ಒಂದೊಂದರ ಮುಂದಿದ್ದ ಡಿ ಅಳಿಸಿ, ಸಿಯಲ್ಲಿ ಅದರದರ ಹಳೆಯ ವಿಳಾಸ ಬರೆದೆ. ಬಂದ್ ಮಾಡಿ ಚಾಲೂ ಮಾಡಿದಾಗ ಆರೂ ತೆರೆದವು. ಒಳಗೆ ಏನೂ ಇರಲಿಲ್ಲ.

"ಬಾಡಿಗಿ ಮನಿಗೇ ತಂದಿಯಲ್ಲವ್ವಾ," ಎಂದರು ಕಾಕಾ.

"ಖಾಲಿ ಆದ್ರೂ ಮನಿ ಐತ್ರಿ ಈಗ. ನಕಲು ಬ್ಯಾರೆ ಇಡೂಣು."

ಬಾಗಿಲಲ್ಲಿ ನಿಂತಿದ್ದ ಚಿಗವ್ವನಿಗೆ ದಾರಿ ಹೊಳೆಯಿತು. "ಮಾವ ಕೇಳಬಾರದು, ಅತ್ತಿ ಕೇಳಬಾರದು. ನಾದಿನಿ ಕೇಳಬೌದಲ್ಲ? ನಾದಿನಿ ಭಾವನ ಕಿಸೇಕ್ಕ ಕೈ ಹಾಕಿದ್ರೂ ನಡೀತೈತಿ."

ಭಾನುವಾರ ರಾಣೆಬೆನ್ನೂರಿಗೆ ಹೋದೆ. ಕಾಕಾನ ಮಗಳು, ನನ್ನ ಅಕ್ಕ, ಚಹಾ ಇಟ್ಟಳು. ಭಾವ ಸೋಫಾದ ಮೇಲೆ ಕಾಲು ಚಾಚಿದ್ದವರು ಎದ್ದು ಕುಳಿತರು.

"ಏನ್ ನಾದಿನಿ, ಹೇಳದ ಕೇಳದ? ನಮ್ಮ ಮಾವಾರು ಉಡುಗೊರಿ ಕಳಿಸ್ಯಾರೇನು?"

"ಕೊಟ್ಟದ್ದನ್ನ ಕಸಗೊಂಡ ಬಾ ಅಂತ ಕಳಿಸ್ಯಾರ್ರಿ ಭಾವಾರ. ಪೆನ್‌ಡ್ರೈವ್ ಕೊಡ್ರಿ."

ಭಾವ ಜೋರಾಗಿ ನಕ್ಕರು. "ತಗೊಂಡ ಹೋಗವಾ ಮಾರಾಯ್ತಿ! ಹಾಡು ಹಚ್ಚಿದ್ರ ಪರದೆ ಮ್ಯಾಲ ಬರೀ ಹುಡುಗ್ಯಾರು. ಒಬ್ಬಾಕಿ ಆದ ಮ್ಯಾಲ ಒಬ್ಬಾಕಿ. ನಿಮ್ಮಕ್ಕ ಎರಡು ದಿನ ನನ್ನ ಕೂಡ ಮಾತಾಡಲಿಲ್ಲ."

"ಅಪ್ಪನ ಪೆನ್‌ಡ್ರೈವ್ ಅಂತ ಆಣಿ ಮಾಡಿದ್ರೂ ನಂಬಲಿಲ್ಲ ನಾನು," ಎಂದಳು ಅಕ್ಕ.

ಆಗ ಮೂಲೆಯಲ್ಲಿ ಸೊಪ್ಪು ಸೋಸುತ್ತಿದ್ದ ಭಾವನ ತಾಯಿ ತಲೆಯೆತ್ತಿದರು. "ಅದ್ರಾಗ ಅಗಡಿ ಹುಡುಗಿ ಒಬ್ಬಾಕಿ ಅದಾಳಲ್ಲ, ಎಮ್ಮೆಸ್ಸಿ ಓದಿದಾಕಿ. ನಮ್ಮ ತಮ್ಮನ ಮಗಗ ಹೊಂದತಾಳ. ನಿಮ್ಮ ಕಾಕಾಗ ಹೇಳು."

"ಆಕಿ ಅಗಡಿಯಾಕಿ ಅಂತ ಹೆಂಗ ಗೊತ್ತಾತ್ರಿ ಅತ್ತಿ?"

"ಫೋಟೋದ ಬುಡಕ ಬರದಾರಲ್ಲವಾ. ಅಗಡಿ, ಎಮ್ಮೆಸ್ಸಿ, ಕೇಳಿ ತೋರಿಸಬೇಕು, ಅಂತ."

ಫೈಲಿಗೆ ಹೆಸರಿಡುವುದರಲ್ಲಿ ಕಾಕಾನಷ್ಟು ಶಿಸ್ತಿನವರಿಲ್ಲ. ಆ ಶಿಸ್ತನ್ನು ನಾನೇ ಕಲಿಸಿದ್ದೆ.

ಕಾರಿನಿಂದ ಪೆನ್‌ಡ್ರೈವ್ ಕಿತ್ತು, ಕಾರಿನ ಪರದೆಯಲ್ಲಿ ಯಾವ ಫೋಟೋವೂ ಉಳಿದಿಲ್ಲವೆಂದು ನೋಡಿಕೊಂಡು, ಸಂಜೆ ಬ್ಯಾಡಗಿಗೆ ಬಂದು ಲ್ಯಾಪ್‌ಟಾಪಿಗೆ ಚುಚ್ಚಿದೆ. ಫೋಟೋ, ವಿವರ, ಭಾವಗೀತೆ, ಭಜನೆ ಎಲ್ಲ ಒಂದೇ ರಾಶಿಯಲ್ಲಿದ್ದವು. ಒಂದೊಂದನ್ನೇ ಆರಿಸಿ ಅದರದರ ಫೋಲ್ಡರಿಗೆ ನಕಲು ಮಾಡಿದೆ, ಎಣಿಕೆ ಸರಿಹೊಂದಿದ ಮೇಲೆಯೇ ಪೆನ್‌ಡ್ರೈವನ್ನು ಖಾಲಿ ಮಾಡಿದೆ. ಹಾಡುಗಳನ್ನಷ್ಟೇ ಮತ್ತೆ ಅದಕ್ಕೆ ತುಂಬಿ ಅಳಿಯನಿಗೆಂದು ಚಿಗವ್ವನ ಕೈಗಿಟ್ಟೆ. ಆಮೇಲೆ ರಾಣೆಬೆನ್ನೂರಿನ ಮಾತು ಹೇಳಿದೆ.

ಚಿಗವ್ವನಿಗೆ ಸಂತೋಷವೋ ಸಂತೋಷ. "ನೋಡ್ರಿ, ನಾನು ಕೊಟ್ಟದ್ದಕ್ಕ ಸಂಬಂಧ ಬಂತು! ಅಗಡಿಯಾಕಿಗೆ ಬರೀ ಹುಡುಗ ಅದಾನ ಅಂತ ಹೇಳ್ರಿ. ಫೋಟೋ ನೋಡಿದ ಸುದ್ದಿ ಯಾಕ ಬೇಕು?"

ಕಾಕಾ ಲ್ಯಾಪ್‌ಟಾಪಿನ ಮುಚ್ಚಳ ಹಾಕಿದರು. "ಮೊದಲ ಅದನ್ನ ಹೇಳಬೇಕು," ಎಂದರು. "ಆಮ್ಯಾಲ ಆಕಿ ಒಳಗ ಕರದ್ರ, ಹುಡುಗನ ಸುದ್ದಿ."

ಬುಧವಾರ ಕಾಕಾ ಲ್ಯಾಪ್‌ಟಾಪನ್ನು ಕೈಚೀಲದಲ್ಲಿ ಹಾಕಿಕೊಂಡು ಹಾವೇರಿಗೆ ಬಂದರು. ಅರ್ಧ ದಿನ ರಜೆ ಹಾಕಿ ಅವರ ಜೊತೆ ಅಗಡಿಗೆ ಹೋದೆ. ಹುಡುಗಿಯ ತಾಯಿ ಕಟ್ಟೆಯ ಮೇಲೆ ಶೇಂಗಾ ಬಿಡಿಸುತ್ತಿದ್ದರು. ಕಾಕಾ ನಿಂತುಕೊಂಡೇ ಎಲ್ಲವನ್ನೂ ಹೇಳಿದರು: ತಮ್ಮ ಅಜಾಗರೂಕತೆ, ಅಳಿಯ, ಕಾರು. ಚಿಗವ್ವನ ಹೆಸರೆತ್ತಲಿಲ್ಲ. ಆ ತಾಯಿ ಶೇಂಗಾ ಬಿಡಿಸುವುದನ್ನು ನಿಲ್ಲಿಸಲಿಲ್ಲ, ಕುಳಿತುಕೊಳ್ಳಿ ಎಂದೂ ಅನ್ನಲಿಲ್ಲ.

"ಅಳಸ್ರಿ. ನನ್ನ ಮುಂದ ಅಳಸ್ರಿ," ಎಂದರು.

ನಾನು ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಫೋಟೋ ಅಳಿಸಿದೆ, ಕಸದ ಬುಟ್ಟಿಯಿಂದಲೂ ತೆಗೆದೆ.

"ಮತ್ತೆಲ್ಲೂ ಇಲ್ಲಲ್ಲ?"

ಕಾಕಾ ನನ್ನ ಕಡೆ ನೋಡಿದರು. ಹಿಂದಿನ ವಾರವಾಗಿದ್ದರೆ ಈ ಪ್ರಶ್ನೆಗೆ ಉತ್ತರ ಯಾರ ಹತ್ತಿರವೂ ಇರುತ್ತಿರಲಿಲ್ಲ. "ಇದೊಂದ ಕಡೆ ಇತ್ರಿ ಅವ್ವಾರ, ನಕಲು ಇನ್ನೂ ತಗದಿಲ್ಲ. ಪೆನ್‌ಡ್ರೈವ್ ನಾನ ಖಾಲಿ ಮಾಡೀನಿ, ಕಾರಿನ್ಯಾಗ ಉಳಿದಿಲ್ಲಂತ ನೋಡಿ ಬಂದೀನಿ. ಈಗ ಎಲ್ಲೂ ಇಲ್ಲ," ಎಂದೆ.

ಅವರು ಇನ್ನೊಂದು ಹಿಡಿ ಶೇಂಗಾ ಮುಂದೆಳೆದುಕೊಂಡರು. ಕಾಕಾ ಚೀಲ ಎತ್ತಿಕೊಂಡು ಚಪ್ಪಲಿ ಮೆಟ್ಟಿದರು.

"ಕುಂದ್ರಿ," ಎಂದರು ಆ ತಾಯಿ. ಒಳಗಿನವರಿಗೆ ಚಹಾ ಇಡಲು ಹೇಳಿದರು. ಕಾಕಾ ಕಟ್ಟೆಯ ತುದಿಯಲ್ಲಿ ಕುಳಿತು ಹುಡುಗನ ಸುದ್ದಿ ತೆಗೆದರು. ಆ ತಾಯಿ ಕೇಳಿದರು: "ಕಾರಿನ್ಯಾಗ ನೋಡಿ ಒಪ್ಪಿದ್ರಂತೀರಿ. ಆ ಹುಡುಗ ಏನ್ ಮಾಡ್ತಾನ? ಫೋಟೋ ಐತೇನು?"

ಹುಡುಗನ ಫೋಟೋವನ್ನು ಭಾವನ ತಾಯಿ ಹಿಂದಿನ ದಿನವೇ ಕಳಿಸಿದ್ದರು. ಅದು ಪಿಕ್ಚರ್ಸ್ ಫೋಲ್ಡರಿನಲ್ಲಿ, ಅದರ ಸ್ವಂತ ವಿಳಾಸದಲ್ಲಿ, ಎರಡು ಗುಂಡಿ ಒತ್ತಿದರೆ ಸಿಗುವಂತಿತ್ತು.

"ಐತ್ರಿ," ಎಂದರು ಕಾಕಾ. "ಅವರನ್ನ ಒಂದ ಮಾತು ಕೇಳಿ ತೋರಿಸ್ತೇನಿ."